ಫೋನ್ ಕೊಳ್ಳುವ ಮೊದಲು ವೈಫೈ ಕಾಲಿಂಗ್ ಕೇಳಿ

ಕೇಳುಗರಿಗೆ ನಮಸ್ಕಾರ.

ಹೊಸ ಮೊಬೈಲ್ ತೆಗೆದುಕೊಳ್ಳುವಾಗ ಏನೇನು ನೋಡಬೇಕು ಅಂತ ಮಾತಾಡಲು ನನ್ನನ್ನು ಕರೆದಿದ್ದಾರೆ. ನಾನು ಮುಖ್ಯವಾಗಿ ಒಂದೇ ಸಂಗತಿ ಹೇಳುವವನು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆಯವರು ರೇಡಿಯೋ ಸ್ವಲ್ಪ ಜೋರು ಮಾಡಿ. ಕರಾವಳಿಯವರು ಎದ್ದು ಹೋಗಬೇಡಿ, ನಿಮ್ಮ ಸರದಿಯೂ ಉಂಟು.

ಅಂಗಡಿಗೆ ಹೋದ ಕೂಡಲೇ ನಾವು ಏನು ಕೇಳುತ್ತೇವೆ? ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್? 5ಜಿ ಉಂಟಾ? ಅದೆಲ್ಲ ಆಮೇಲೆ. ಮೊದಲು ಕೇಳಬೇಕಾದ್ದು ಇಷ್ಟೇ: ‘ಇದರಲ್ಲಿ ವೈಫೈ ಕಾಲಿಂಗ್ ಉಂಟಾ? ನನ್ನ ಸಿಮ್ಮಿಗೆ ಅದು ನಡೆಯುತ್ತದಾ?’

ವಾಟ್ಸಾಪ್ ಕಾಲ್ ಬಗ್ಗೆ ನಾನು ಹೇಳುತ್ತಿಲ್ಲ. ಇದು ನಿಮ್ಮ ಅದೇ ನಂಬರಿನ ಸಾದಾ ಕಾಲ್. ಆಚೆಯವರ ಹತ್ತಿರ ಕೀಪ್ಯಾಡ್ ಫೋನ್ ಇರಲಿ, ಲ್ಯಾಂಡ್‌ಲೈನ್ ಇರಲಿ, ಹೋಗುತ್ತದೆ. ನಿಮ್ಮ ಮಾತು ಟವರ್ ಬಿಟ್ಟು ಮನೆಯ ಇಂಟರ್ನೆಟ್ ದಾರಿ ಹಿಡಿಯುತ್ತದೆ, ಅಷ್ಟೇ ವ್ಯತ್ಯಾಸ. ಏರ್‌ಟೆಲ್ ಇದನ್ನು 2019ರ ಡಿಸೆಂಬರಿನಲ್ಲೇ ಶುರು ಮಾಡಿತು, ಜಿಯೋ 2020ರ ಜನವರಿಯಲ್ಲಿ. ಇದಕ್ಕೆ ಬೇರೆ ದುಡ್ಡಿಲ್ಲ. ಇಷ್ಟು ವರ್ಷ ಆದರೂ ನಮ್ಮವರು ಬೆಟ್ಟ ಹತ್ತಿ ‘ಹಲೋ, ಹಲೋ’ ಅನ್ನುತ್ತಲೇ ಇದ್ದಾರಲ್ಲ!

ಶಿರಸಿ ಪೇಟೆಯಿಂದ ಆಚೆ, ಒಳಗಿನ ಒಂದೂರಲ್ಲಿ ನನ್ನ ದೂರದ ಸಂಬಂಧಿಕರೊಬ್ಬರಿದ್ದಾರೆ. ನಾನು ಮಾವ ಅಂತಲೇ ಕರೆಯುವುದು. ಅಡಿಕೆ ತೋಟ, ನಾಲ್ಕು ಜಾನುವಾರು, ಸುತ್ತ ಬೆಟ್ಟ. ಬೆಂಗಳೂರಿನ ಮಗ ಅಪ್ಪನಿಗೆ ಅಂತ 200 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋನ್ ತಂದುಕೊಟ್ಟಿದ್ದ. ಮಳೆಗಾಲದಲ್ಲಿ ಒಮ್ಮೆ ಅವರ ಮನೆಗೆ ಹೋದೆ. ಜಗುಲಿಯಲ್ಲಿ ಮಾವ ಇಲ್ಲ. ‘ಎಲ್ಲಿ?’ ಅಂದರೆ ಅತ್ತೆ ಬೆಟ್ಟದ ಕಡೆ ಕೈ ತೋರಿಸಿದರು. ‘ಫೋನ್ ಮಾಡಲೆ ಹೋಯ್ದ.’

ಸಂಗತಿ ಏನೆಂದರೆ, ಅವತ್ತು ಮಳೆ ಸ್ವಲ್ಪ ಹೊಳವಾಗಿತ್ತು. ತೋಟ ಇದ್ದವರಿಗೆ ಗೊತ್ತು, ಹೊಳವು ಸಿಕ್ಕಾಗಲೇ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಸಬೇಕು. ಮರ ಹತ್ತಿ ಅದನ್ನು ಹೊಡೆಯುವ ಕೊನೆಗೌಡನನ್ನು ಕೂಡಲೇ ಕರೆಯಬೇಕು. ತಡವಾದರೆ ಅವನು ಪಕ್ಕದ ತೋಟದ ಮರ ಏರಿ ಆಗಿರುತ್ತದೆ. ಅದಕ್ಕೇ ಮಾವ ಕಂಬಳಿಕೊಪ್ಪೆ ಹಾಕಿಕೊಂಡು, ಸಂಕ ದಾಟಿ, ಬೆಟ್ಟದ ತಲೆಗೆ ಹೋಗಿದ್ದರು. ಅಲ್ಲಿ ಒಂದು ಬಂಡೆಯ ಮೇಲೆ ನಿಂತರೆ ಮಾತ್ರ ಸಿಗ್ನಲ್. ವಾಪಸ್ ಬಂದವರು ಮೊದಲು ಕಾಲಿನ ಉಂಬಳ ಕಿತ್ತರು. ಆಮೇಲೆ ಫೋನ್ ನನ್ನ ಕೈಗೆ ಕೊಟ್ಟು ಹೇಳಿದರು: ‘ತಮಾ, ಇದ್ರಲ್ಲಿ ಫೋಟೋ ಚೊಲೋ ಬತ್ತು. ಮಾತು ಮಾತ್ರ ಬತ್ತಿಲ್ಲೆ.’ ಕೊನೆಗೌಡ ಸಿಕ್ಕಿದನಾ ಅಂತ ಕೇಳಿದೆ. ಅವನ ಫೋನಿಗೂ ಸಿಗ್ನಲ್ ಇರಲಿಲ್ಲವಂತೆ!

ತಮಾಷೆ ಇರುವುದು ಇಲ್ಲಿ. ಮಗ ಊರಿಗೆ ಬಂದಾಗ ಆಫೀಸ್ ಕೆಲಸ ಮಾಡಲಿ ಅಂತ ಅದೇ ಜಗುಲಿಗೆ ಫೈಬರ್ ಇಂಟರ್ನೆಟ್ ಹಾಕಿಸಿದ್ದಾರೆ. ಪೆಟ್ಟಿಗೆಯ ಹಸಿರು ದೀಪ ಮಾವನ ತಲೆಯ ಮೇಲೇ ಮಿಣಮಿಣ ಅನ್ನುತ್ತಿದೆ. ನಾನು ಸೆಟ್ಟಿಂಗ್ಸ್ ತೆರೆದು ಮೇಲೆ ಹುಡುಕುವ ಜಾಗದಲ್ಲಿ ‘ವೈಫೈ ಕಾಲಿಂಗ್’ ಅಂತ ಬರೆದೆ. ಒಂದು ಗುಂಡಿ ಬಂತು. ಒತ್ತಿದೆ. ಅತ್ತೆ ಅಲ್ಲೇ ಕೂತು ಗೋಕರ್ಣದಲ್ಲಿರುವ ತಂಗಿಗೆ ಫೋನ್ ಮಾಡಿದರು. ಮಾತು ಮುಗಿಯುವಷ್ಟರಲ್ಲಿ ನನ್ನ ಚಾ ಆರಿಹೋಗಿತ್ತು. ಬ್ಯಾಂಕಿನ ಒಟಿಪಿ ಸಂದೇಶವೂ ಆಮೇಲೆ ಜಗುಲಿಗೇ ಬರತೊಡಗಿತು.

ಆ ಫೋನಿನಲ್ಲಿ ಈ ಸೌಕರ್ಯ ಇತ್ತು, ಬಚಾವು. ಕೆಲವು ಫೋನುಗಳಲ್ಲಿ ಇರುವುದಿಲ್ಲ. ಫೋನಿನಲ್ಲಿದ್ದರೂ ನಿಮ್ಮ ಸಿಮ್ ಕಂಪನಿ ಆ ಮಾಡೆಲ್ಲಿಗೆ ಕೊಟ್ಟಿರಬೇಕು. ಅದಕ್ಕೇ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಸುಲಭ ಉಂಟು. ನಿಮ್ಮ ಸಿಮ್ ಹಾಕಿ, ಆ ಗುಂಡಿ ಒತ್ತಿ. ಫ್ಲೈಟ್ ಮೋಡ್ ಹಾಕಿ. ಟವರ್ ಸಂಪರ್ಕ ಹೋಯಿತು. ಈಗ ವೈಫೈ ಒಂದನ್ನೇ ಆನ್ ಮಾಡಿ, ಮನೆಗೆ ಕಾಲ್ ಮಾಡಿ. ರಿಂಗ್ ಆಯಿತಾ? ದುಡ್ಡು ಕೊಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಇನ್ನೊಂದು. ಕರೆಂಟ್ ಹೋದರೆ ಇಂಟರ್ನೆಟ್ ಪೆಟ್ಟಿಗೆಯೂ ಸುಮ್ಮನಾಗುತ್ತದೆ. ನಮ್ಮ ಮಳೆಗಾಲದ ಕರೆಂಟಿನ ಕಥೆ ನಾನು ಹೇಳಬೇಕಾ? ಇನ್ವರ್ಟರ್ ಇದ್ದರೆ ಸರಿ. ಇಲ್ಲದಿದ್ದರೆ ಆ ಪೆಟ್ಟಿಗೆಗೆಂದೇ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗುತ್ತದೆ. ಕ್ಯಾಮೆರಾಕ್ಕೆ ಹಾಕುವ ಜಾಸ್ತಿ ದುಡ್ಡನ್ನು ಇದಕ್ಕೆ ಹಾಕಿ. ಮತ್ತೆ, ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆ ದಾಟಲು 2.4 ಗಿಗಾಹರ್ಟ್ಸ್ ವೈಫೈ ಒಳ್ಳೆಯದು. 5 ಗಿಗಾಹರ್ಟ್ಸ್ ವೇಗ ಹೌದು, ಆದರೆ ಜಗುಲಿಯಿಂದ ಅಡಿಗೆಮನೆ ಮುಟ್ಟುವುದರೊಳಗೆ ಸುಸ್ತು.

ಮೆಗಾಪಿಕ್ಸೆಲ್ ಬಗ್ಗೆ ಒಂದೇ ಮಾತು. 200 ಮೆಗಾಪಿಕ್ಸೆಲ್ ಫೋನುಗಳು ಸಾಮಾನ್ಯವಾಗಿ 16 ಚುಕ್ಕಿ ಸೇರಿಸಿ ಒಂದು ಮಾಡಿ, ಹನ್ನೆರಡೂವರೆ ಮೆಗಾಪಿಕ್ಸೆಲ್ಲಿನ ಚಿತ್ರವನ್ನೇ ಕೊಡುತ್ತವೆ. ಅದನ್ನು ನೀವು ವಾಟ್ಸಾಪಿನಲ್ಲಿ ಕಳಿಸುತ್ತೀರಿ, ಅಲ್ಲಿ ಇನ್ನೂ ಕುಗ್ಗುತ್ತದೆ. ಸಾಕಲ್ಲ?

ಗಡಿಯಾರ ಓಡುತ್ತಿದೆ, ಕರಾವಳಿಯವರಿಗೆ ಬೇಗ ಬೇಗ ಹೇಳುತ್ತೇನೆ. ಬೈತಖೋಲ, ತದಡಿ, ಹೊನ್ನಾವರದಿಂದ ದೋಣಿ ಹತ್ತುವವರೇ, ಫೋನ್ ನೀರು-ಧೂಳು ತಡೆಯುತ್ತದೆ ಅನ್ನುವ ಐಪಿ68 ಗುರುತು ಇದ್ದರೆ ಸಮುದ್ರದ ನೀರಿಗೂ ಹೆದರಬೇಕಿಲ್ಲ ಅಂದುಕೊಳ್ಳಬೇಡಿ. ಆ ಪರೀಕ್ಷೆ ಮಾಡುವುದು ಸಿಹಿನೀರಿನಲ್ಲಿ. ಉಪ್ಪುನೀರು ಬಿದ್ದರೆ, ಐಪಿ68 ಫೋನಾದರೆ ಸಿಹಿನೀರಲ್ಲಿ ತೊಳೆಯಿರಿ, ಪೂರ್ತಿ ಒಣಗುವ ತನಕ ಚಾರ್ಜಿಗೆ ಹಾಕಬೇಡಿ. ದೋಣಿಯಲ್ಲಿ ಬಾಯಿ ಬಿಗಿಯುವ ಪ್ಲಾಸ್ಟಿಕ್ ಚೀಲವೇ ವಾಸಿ. ಟವರ್ ಸಿಗದ ಕಡೆಯೂ ಜಿಪಿಎಸ್ ಕೆಲಸ ಮಾಡುತ್ತದೆ, ನಕ್ಷೆ ಮಾತ್ರ ದಡದಲ್ಲೇ ಇಳಿಸಿಕೊಂಡಿರಬೇಕು.

ಕೊನೆಗೆ, ನಮ್ಮ ರೇಡಿಯೋ ಕೆಲಸ. ಫೋನಿನಲ್ಲಿರುವ ಎಫ್‌ಎಂ ಬಂದ್ ಮಾಡಬೇಡಿ ಅಂತ 2023ರಲ್ಲಿ ಕೇಂದ್ರ ಸರ್ಕಾರವೇ ಕಂಪನಿಗಳಿಗೆ ಸೂಚನೆ ಕೊಟ್ಟಿದೆ. ಇದಕ್ಕೆ ಇಂಟರ್ನೆಟ್ ಬೇಡ, ಡೇಟಾ ಬೇಡ. ಆದರೆ ತಂತಿಯ ಇಯರ್‌ಫೋನ್ ಬೇಕು, ಆ ತಂತಿಯೇ ಆಂಟೆನಾ. ಕಿವಿಗೆ ಸಿಕ್ಕಿಸುವ ಬ್ಲೂಟೂತ್ ತುಂಡುಗಳಿಂದ ಆ ಕೆಲಸ ಆಗುವುದಿಲ್ಲ. ಹಾಗಾಗಿ ವೈಫೈ ಕಾಲಿಂಗ್ ಪರೀಕ್ಷೆ ಆದ ಮೇಲೆ ಫೋನನ್ನು ಒಮ್ಮೆ ತಿರುಗಿಸಿ, ಇಯರ್‌ಫೋನ್ ಚುಚ್ಚುವ ಜಾಗ ಉಂಟಾ ನೋಡಿಬಿಡಿ. ನಮಸ್ಕಾರ.