ಮೊದಲು ಪೈಪು, ಆಮೇಲೆ ಗೋಡೆ

ಕೇಳುಗರಿಗೆಲ್ಲ ನಮಸ್ಕಾರ. ಸಣ್ಣ ವಿಶ್ವವಿದ್ಯಾಲಯವೊಂದು ಹೊಸ ವಿಜ್ಞಾನ ಕಟ್ಟಡ ಕಟ್ಟಲು ಹೊರಟಿದೆ ಅಂದುಕೊಳ್ಳಿ. ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದ ನಾನು ಅವರಿಗೆ ಹೇಳುವುದು ಒಂದೇ ಮಾತು. ಮೊದಲು ಪೈಪು, ಆಮೇಲೆ ಗೋಡೆ. ನೀರು, ಗ್ಯಾಸು, ಕರೆಂಟು, ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಅನ್ನುವುದು ಮೊದಲು ತೀರ್ಮಾನವಾಗಲಿ.

ಬುನ್ಸೆನ್ ಬರ್ನರ್ ನೆನಪಿದೆ ಅಲ್ವಾ? ಶಾಲೆಯ ಲ್ಯಾಬಿನಲ್ಲಿ ನೀಲಿ ಉರಿ ಕೊಡುತ್ತಿದ್ದ ಪುಟ್ಟ ಕೊಳವೆ. ಅದು ಹುಟ್ಟಿದ್ದೇ ಒಂದು ಕಟ್ಟಡದ ಯೋಜನೆಯಿಂದ!

1852ರಲ್ಲಿ ರಾಬರ್ಟ್ ಬುನ್ಸೆನ್ ಜರ್ಮನಿಯ ಹೈಡೆಲ್‌ಬರ್ಗ್‌ಗೆ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. ಅಲ್ಲಿ ಲ್ಯಾಬು ಇದ್ದದ್ದು ಹಳೆಯ ಕ್ರೈಸ್ತ ಮಠದಲ್ಲಿ. ಕಾಯಿಸಲು ಸ್ಪಿರಿಟ್ ದೀಪ, ಇದ್ದಿಲು. ನೀರನ್ನು ಅಂಗಳದ ಪಂಪಿನಿಂದ ಹೊತ್ತು ತರಬೇಕು. ಹೊಸ ಕಟ್ಟಡ ಕೊಡುತ್ತೇವೆಂದು ಅವರಿಗೆ ಮಾತು ಕೊಟ್ಟಿದ್ದರು. ಅದೇ ಸಮಯಕ್ಕೆ ಊರಿನ ಬೀದಿದೀಪಗಳಿಗೆ ಗ್ಯಾಸು ಬಂತು. ಅದನ್ನು ಹೊಸ ಲ್ಯಾಬಿಗೂ ತರಿಸೋಣ ಅಂದರು ಬುನ್ಸೆನ್. ಆದರೆ ಆಗಿನ ಬರ್ನರ್‌ಗಳ ಉರಿಯಲ್ಲಿ ಬರೀ ಮಸಿ. ಗ್ಯಾಸಿಗೆ ಮೊದಲೇ ಗಾಳಿ ಬೆರೆಸಿದರೆ ಮಸಿ ಇರುವುದಿಲ್ಲ ಅನ್ನುವ ಉಪಾಯ ಬುನ್ಸೆನ್ ಅವರದು. ಅದನ್ನು ಮಾಡಿಕೊಟ್ಟವರು ವಿಶ್ವವಿದ್ಯಾಲಯದ ಮೆಕ್ಯಾನಿಕ್ ಪೀಟರ್ ಡೆಸಾಗಾ. ಇದೆಲ್ಲ ನಡೆದದ್ದು 1854ರಲ್ಲಿ, ಕಟ್ಟಡ ಇನ್ನೂ ಏಳುತ್ತಿದ್ದಾಗ! 1855ರಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ವಿದ್ಯಾರ್ಥಿಗಳಿಗಾಗಿ 50 ಬರ್ನರ್ ತಯಾರಿದ್ದವು. ಆ ಉರಿಗೆ ತನ್ನದೇ ಬಣ್ಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಅದರಲ್ಲಿ ಕಾಯಿಸಿದ ವಸ್ತುವಿನ ಬಣ್ಣ ಸ್ಪಷ್ಟವಾಗಿ ಕಾಣುತ್ತದೆ. ಅದರ ಬಲದಿಂದಲೇ ಬುನ್ಸೆನ್ ಮತ್ತು ಭೌತವಿಜ್ಞಾನಿ ಕಿರ್ಕಾಫ್ 1860ರಲ್ಲಿ ಸೀಸಿಯಂ, ಮರುವರ್ಷ ರುಬಿಡಿಯಂ ಅನ್ನುವ ಹೊಸ ಮೂಲಧಾತುಗಳನ್ನು ಕಂಡುಹಿಡಿದರು. ಮೇಜಿನವರೆಗೆ ಪೈಪು ಬಂದದ್ದರಿಂದ ಇಷ್ಟೆಲ್ಲ ಆಯಿತು ನೋಡಿ.

ನಮ್ಮಲ್ಲಿ? ಮೊದಲು ಕಂಬ, ಪೋರ್ಟಿಕೋ, ಶಂಕುಸ್ಥಾಪನೆಯ ಕಲ್ಲು. ನಾನು ಕಂಡ ಒಂದು ಕಾಲೇಜಿನಲ್ಲಿ ಕಟ್ಟಡ ಮುಗಿದ ಮೇಲೆ ಫ್ಯೂಮ್ ಹುಡ್, ಅಂದರೆ ಪ್ರಯೋಗದ ಹೊಗೆಯನ್ನು ಎಳೆದು ಹೊರಹಾಕುವ ಗೂಡು, ತಂದರು. ಹೊಗೆಗೆ ದಾರಿಯೇ ಇರಲಿಲ್ಲ. ಪೈಪನ್ನು ಕಿಟಕಿಯಿಂದ ಹೊರಗೆ ಬಿಟ್ಟರು. ಮೇಲಿನ ಕ್ಲಾಸಿಗೆಲ್ಲ ಕೊಳೆತ ಮೊಟ್ಟೆಯ ವಾಸನೆ. ಹುಡುಗಿಯರು ದುಪಟ್ಟಾ ಮೂಗಿಗೊತ್ತಿಕೊಂಡು ನೋಟ್ಸ್ ಬರೆಯುತ್ತಿದ್ದರು. ನೋಡಿ ಸಂಕಟವಾಯಿತು. ಹೊಗೆ ಚಾವಣಿ ದಾಟಿ ಮೇಲಕ್ಕೇ ಹೋಗಬೇಕು. ಅದು ಸಾಗುವ ಡಕ್ಟಿಗೆ, ಅಂದರೆ ದೊಡ್ಡ ಕೊಳವೆಗೆ, ನಕ್ಷೆಯಲ್ಲೇ ಜಾಗ ಬಿಡಬೇಕು. ಆಮೇಲೆ ಗೋಡೆ ಒಡೆದರೆ ಖರ್ಚು ಜಾಸ್ತಿ, ಕೆಲಸವೂ ಅರೆಬರೆ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಸೂಕ್ಷ್ಮದರ್ಶಕ, ತಕ್ಕಡಿ ನೆಲಮಹಡಿಯಲ್ಲಿರಲಿ, ಮೇಲೆ ಅದುರುತ್ತವೆ. ಆಸಿಡ್ ನೀರು ನೇರ ಚರಂಡಿಗೆ ಬೇಡ. ಪೈಪನ್ನು ಗೋಡೆಯೊಳಗೆ ಹೂಳಬೇಡಿ, ರಿಪೇರಿಗೆ ಕೈಗೆ ಸಿಗಲಿ. ಅಹಮದಾಬಾದಿನ ಐಐಎಂ ಕಟ್ಟಡದ ವಿನ್ಯಾಸ ಮಾಡಿದ ಲೂಯಿ ಕಾನ್, ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯ ಲ್ಯಾಬುಗಳಲ್ಲಿ ಪೈಪುಗಳಿಗೆಂದೇ ಪೂರ್ತಿ ಮಹಡಿಗಳನ್ನು ಇಟ್ಟರು. ನಮಗೆ ಅಷ್ಟು ದುಡ್ಡಿಲ್ಲ. ಪೈಪುಗಳಿಗಾಗಿ, ಒಬ್ಬ ಮನುಷ್ಯ ಒಳಗೆ ಹೋಗುವಷ್ಟು ಅಗಲದ ಓಣಿಯಂಥ ಜಾಗ ಸಾಕು.

ಕಟ್ಟಡ ಸಮಿತಿಯವರು ಯಾರಾದರೂ ಕೇಳುತ್ತಿದ್ದರೆ ನನ್ನದೊಂದು ಬೇಡಿಕೆ. ನಕ್ಷೆಗೆ ಸಹಿ ಹಾಕುವ ಮುಂಚೆ ಲ್ಯಾಬ್ ಅಟೆಂಡರ್ ಅವರನ್ನು ಕರೆಸಿ, ಪಕ್ಕದಲ್ಲಿ ಕೂರಿಸಿಕೊಳ್ಳಿ. ಸಿಂಕು ಎಲ್ಲಿರಬೇಕು, ಸಿಲಿಂಡರು ಎಲ್ಲಿರಬೇಕು ಅಂತ ಅವರನ್ನೇ ಕೇಳಿ. ನಮಸ್ಕಾರ.