ಎಟ್ನಾ ರೊಸ್ಸೊ: ಜ್ವಾಲಾಮುಖಿಯ ಮೇಲೆ ಬದುಕುಳಿದ ಬಳ್ಳಿಗಳ ವೈನ್

[ದೃಶ್ಯ: ಬಿಳಿ ಗೋಡೆಯ ಮುಂದೆ ಒಂದು ಗ್ಲಾಸ್ ವೈನ್]

ನಮಸ್ಕಾರ. ಈ ಗ್ಲಾಸಿನ ಬಣ್ಣ ಸ್ವಲ್ಪ ಗಮನಿಸಿ. ರೆಡ್ ವೈನ್ ಅಂದ ಕೂಡಲೇ ನೆನಪಿಗೆ ಬರುವುದು ಕಡು ನೇರಳೆ ಬಣ್ಣ, ಅಲ್ವಾ? ಇದು ಹಾಗಿಲ್ಲ. ತೆಳು ಕೆಂಪು. ಗ್ಲಾಸಿನ ಹಿಂದೆ ಬೆರಳಿಟ್ಟರೆ ಕಾಣುತ್ತದೆ. ಆದರೆ ಒಂದು ಗುಟುಕು ಕುಡಿದರೆ ನಾಲಿಗೆಗೆ ಚುರುಕಾದ ಹುಳಿ, ಒಸಡಿಗೆ ಗಟ್ಟಿ ಒಗರು. ಬಣ್ಣ ನೋಡಿ ನೀರು ನೀರಾಗಿರುತ್ತೆ ಅಂದುಕೊಂಡವರಿಗೆ ಆಶ್ಚರ್ಯ ಖಂಡಿತ.

ಇದು ಎಟ್ನಾ ರೊಸ್ಸೊ. ಇಟಲಿಯ ಸಿಸಿಲಿ ದ್ವೀಪದಲ್ಲಿ, ಇಂದಿಗೂ ಲಾವಾ ಉಗುಳುತ್ತಿರುವ ಎಟ್ನಾ ಪರ್ವತದ ಇಳಿಜಾರಿನಲ್ಲಿ ಬೆಳೆದ ದ್ರಾಕ್ಷಿಯ ವೈನ್. ಇದಕ್ಕೆ ಈ ರುಚಿ ಎಲ್ಲಿಂದ ಬಂತು, ಇಷ್ಟು ಬೆಲೆ ಯಾಕೆ ಅನ್ನುವುದನ್ನು ಇವತ್ತು ನೋಡೋಣ.

[ದೃಶ್ಯ: ಸಿಸಿಲಿಯ ನಕ್ಷೆ, ಎಟ್ನಾದ ಉತ್ತರದ ಮಗ್ಗುಲು]

ಸಿಸಿಲಿ ಬಿಸಿಲಿನ ನಾಡು. ಬಯಲು ಸೀಮೆಯಲ್ಲಿ ಆಗಸ್ಟ್‌ನಲ್ಲೇ ದ್ರಾಕ್ಷಿ ಕೊಯ್ಲು ಶುರುವಾಗುತ್ತದೆ. ಎಟ್ನಾದ ಉತ್ತರದ ಇಳಿಜಾರಿನಲ್ಲಿ, ರಂದಾತ್ಸೊ ಊರಿನ ಸುತ್ತಮುತ್ತ, ಈ ಕೆಂಪು ದ್ರಾಕ್ಷಿ ಕೊಯ್ಯಲು ಅಕ್ಟೋಬರ್ ಬರಬೇಕು. ಕಾರಣ ಎತ್ತರ. ಅಲ್ಲಿನ ತೋಟಗಳು ಸಮುದ್ರ ಮಟ್ಟದಿಂದ ಸುಮಾರು 600ರಿಂದ 1,000 ಮೀಟರ್ ಮೇಲಿವೆ. ನಮ್ಮ ಬೆಂಗಳೂರೂ ಸುಮಾರು 900 ಮೀಟರ್ ಎತ್ತರದಲ್ಲಿದೆ. ಆದರೆ ಎಟ್ನಾ ಇರುವುದು ಭೂಮಧ್ಯರೇಖೆಯಿಂದ ಬಹಳ ದೂರ, 37 ಡಿಗ್ರಿ ಉತ್ತರದಲ್ಲಿ. ಅಲ್ಲಿ ಚಳಿಗಾಲದಲ್ಲಿ ಇದೇ ಎತ್ತರಕ್ಕೆ ಹಿಮ ಬೀಳುತ್ತದೆ.

ಹಗಲು ಒಳ್ಳೆ ಬಿಸಿಲು, ರಾತ್ರಿ ಗಡಗಡ ಚಳಿ. ಬಿಸಿಲಿಗೆ ಕಾಯಿಯಲ್ಲಿ ಸಕ್ಕರೆ ತುಂಬಿಕೊಳ್ಳುತ್ತದೆ. ರಾತ್ರಿಯೂ ಸೆಕೆ ಇದ್ದರೆ ದ್ರಾಕ್ಷಿ ತನ್ನೊಳಗಿನ ಹುಳಿಯನ್ನೇ ಉರಿಸಿಕೊಂಡು ಖರ್ಚು ಮಾಡುತ್ತದೆ. ಚಳಿಯಿದ್ದರೆ ಆ ಹುಳಿ ಹಾಗೇ ಉಳಿಯುತ್ತದೆ. ನಿಮ್ಮ ನಾಲಿಗೆಗೆ ತಾಗಿದ ಚುರುಕು ಅದೇ.

ಇನ್ನು ಬಣ್ಣದ ವಿಷಯ. ಇಲ್ಲಿನ ಮುಖ್ಯ ತಳಿ ನೆರೆಲ್ಲೊ ಮಸ್ಕಲೇಸೆ. ಇದರ ಸಿಪ್ಪೆಯಲ್ಲಿ ಬಣ್ಣ ಕಡಿಮೆ, ಒಗರು ಜಾಸ್ತಿ. ಡಿಓಸಿ ಅಂದರೆ ಒಂದು ಪ್ರದೇಶದ ವೈನ್ ಹೇಗಿರಬೇಕು ಎಂದು ಹೇಳುವ ಇಟಲಿಯ ಕಾನೂನಿನ ಗುರುತು. 1968ರಲ್ಲಿ ಬಂದ ಎಟ್ನಾ ಡಿಓಸಿ ನಿಯಮದ ಪ್ರಕಾರ ಎಟ್ನಾ ರೊಸ್ಸೊದಲ್ಲಿ ಕನಿಷ್ಠ ಶೇ. 80 ಈ ದ್ರಾಕ್ಷಿಯೇ ಇರಬೇಕು. ಅದರ ಜೊತೆ ಸೇರಿಸುವ ನೆರೆಲ್ಲೊ ಕಪ್ಪುಚ್ಚೊ ಸ್ವಲ್ಪ ಬಣ್ಣ ಕೊಡುತ್ತದೆ.

[ದೃಶ್ಯ: ಕಪ್ಪು ಮರಳಿನ ನಡುವೆ ತಿರುಚಿಕೊಂಡ ದಪ್ಪ ಕಾಂಡಗಳು]

ಈಗ ನನಗೆ ತುಂಬಾ ಇಷ್ಟವಾದ ಭಾಗ. 19ನೇ ಶತಮಾನದಲ್ಲಿ ಅಮೆರಿಕದಿಂದ ತಂದ ಗಿಡಗಳ ಜೊತೆ ಫಿಲೊಕ್ಸೆರಾ ಎಂಬ ಕೀಟ ಯುರೋಪಿಗೆ ಬಂತು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು. ಅದು ಬೇರಿನ ರಸ ಹೀರುತ್ತದೆ, ಗಾಯವಾದ ಬೇರು ಕೊಳೆಯುತ್ತದೆ, ಬಳ್ಳಿ ಸಾಯುತ್ತದೆ. ಫ್ರಾನ್ಸ್, ಇಟಲಿಯ ತೋಟಗಳು ಸಾಲುಸಾಲಾಗಿ ಒಣಗಿದವು. ಕೊನೆಗೆ ಸಿಕ್ಕ ಪರಿಹಾರ ಕಸಿ. ಈ ಕೀಟವನ್ನು ತಡೆದುಕೊಳ್ಳುವ ಅಮೆರಿಕದ ಬೇರಿನ ಮೇಲೆ ಯುರೋಪಿನ ದ್ರಾಕ್ಷಿಯನ್ನು ಕಟ್ಟಿದರು. ವಿಜಯಪುರ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಇದು ಗೊತ್ತಿರುವ ಕೆಲಸವೇ. ಅಲ್ಲೂ ಡಾಗ್‌ರಿಜ್ ಎಂಬ ಅಮೆರಿಕ ಮೂಲದ ಬೇರಿನ ಮೇಲೆ ಕಸಿ ಮಾಡುತ್ತಾರೆ, ಬರ ಮತ್ತು ಉಪ್ಪು ನೀರು ತಡೆಯಲಿ ಎಂದು.

ಎಟ್ನಾಕ್ಕೂ ಆ ಕೀಟ ಬಂತು, ತುಂಬಾ ತೋಟ ಹಾಳಾದವು. ಆದರೆ ಕೆಲವು ತುಂಡು ಜಮೀನು ಉಳಿದುಕೊಂಡವು. ಅಲ್ಲಿನ ಮಣ್ಣು ಜ್ವಾಲಾಮುಖಿಯ ಬೂದಿ ಮತ್ತು ಮರಳು. ಮರಳಿನಲ್ಲಿ ಈ ಕೀಟಕ್ಕೆ ಓಡಾಡಲು ಬಿರುಕು, ಸಂದು ಸಿಗುವುದಿಲ್ಲ. ಹಾಗಾಗಿ ನೂರು ವರ್ಷ ದಾಟಿದ, ಕಸಿ ಇಲ್ಲದ, ಸ್ವಂತ ಬೇರಿನ ಬಳ್ಳಿಗಳು ಎಟ್ನಾದಲ್ಲಿ ಇಂದಿಗೂ ಫಲ ಕೊಡುತ್ತಿವೆ. ಕಾಲ್ದೆರಾರಾ ಸೊಟ್ಟಾನಾ ಎಂಬಲ್ಲಿ 130 ವರ್ಷ ಮೀರಿದ ಬಳ್ಳಿಗಳ ತೋಟವೇ ಇದೆ. ಊರೂರು ಸುಟ್ಟ ಬೆಂಕಿಯ ಬೂದಿಯೇ ಇವುಗಳನ್ನು ಕಾಪಾಡಿದೆ.

ಮುದಿ ಬಳ್ಳಿ ಗೊಂಚಲು ಬಿಡುವುದು ಕಡಿಮೆ. ಅದರ ಬೇರು ಆಳಕ್ಕೆ ಇಳಿದಿರುತ್ತದೆ, ಹಾಗಾಗಿ ಒಣ ಬೇಸಿಗೆಗೂ ಅದು ಬೇಗ ಸೊರಗುವುದಿಲ್ಲ. ಹಳೆಯ ಬಳ್ಳಿ ಅಂದ ಮಾತ್ರಕ್ಕೆ ವೈನ್ ಚೆನ್ನಾಗಿರುತ್ತದೆ ಎಂದಲ್ಲ, ಅದನ್ನು ನೋಡಿಕೊಳ್ಳುವ ಕೈಯೂ ಚೆನ್ನಾಗಿರಬೇಕು.

ಬೆಲೆಯ ಪ್ರಶ್ನೆ ಬರುವುದು ಇಲ್ಲೇ. ಹಳೆಯ ತೋಟಗಳಲ್ಲಿ ತಂತಿ, ಚಪ್ಪರ ಇಲ್ಲ. ಒಂದೊಂದು ಬಳ್ಳಿಯನ್ನೂ ಚೆಸ್ಟ್‌ನಟ್ ಮರದ ಗೂಟಕ್ಕೆ ಕಟ್ಟಿ, ಪುಟ್ಟ ಮರದ ಹಾಗೆ ಬೆಳೆಸುತ್ತಾರೆ. ಇದಕ್ಕೆ ಅಲ್ಬೆರೆಲ್ಲೊ ಎನ್ನುತ್ತಾರೆ. ತೋಟ ಇರುವುದು ಮೆಟ್ಟಿಲು ಮೆಟ್ಟಿಲಾಗಿ. ಪ್ರತಿ ಮೆಟ್ಟಿಲಿಗೂ ಗಾರೆ ಇಲ್ಲದೆ ಜೋಡಿಸಿದ ಕರಿ ಲಾವಾ ಕಲ್ಲಿನ ಗೋಡೆ. ಟ್ರ್ಯಾಕ್ಟರ್ ನುಗ್ಗುವ ಜಾಗವಲ್ಲ. ಸವರುವುದು, ಅಗೆಯುವುದು, ಕೊಯ್ಯುವುದು ಎಲ್ಲಾ ಕೈಯಲ್ಲೇ. ಮಳೆಗೆ ಗೋಡೆ ಜರಿದರೆ ಕಲ್ಲು ಹೊತ್ತು ಮತ್ತೆ ಕಟ್ಟಬೇಕು. ಇಷ್ಟು ಕೂಲಿ ಸುರಿದ ಮೇಲೆ ಸಿಗುವುದು ಕೆಲವೇ ಗೊಂಚಲು.

20ನೇ ಶತಮಾನದಲ್ಲಿ ಈ ಕೂಲಿ ಕೊಡುವವರೇ ಇರಲಿಲ್ಲ. ಜನ ಊರು ಬಿಟ್ಟು ವಲಸೆ ಹೋದರು, ಗೋಡೆಗಳ ಮೇಲೆ ಪೊದೆ ಬೆಳೆಯಿತು. 1981ರ ಮಾರ್ಚ್‌ನಲ್ಲಿ ರಂದಾತ್ಸೊ ಪಕ್ಕದಲ್ಲೇ ಲಾವಾ ಹರಿದು ತೋಟಗಳನ್ನು ಮುಚ್ಚಿಹಾಕಿತು. 1988ರಲ್ಲಿ ಎಟ್ನಾದ ಬುಡದಲ್ಲಿರುವ ಕತಾನಿಯಾ ನಗರದ ಉದ್ಯಮಿ ಜುಸೆಪ್ಪೆ ಬೆನಾಂತಿ ಹಳೆಯ ತೋಟಗಳ ದ್ರಾಕ್ಷಿಯಿಂದ ಒಳ್ಳೆಯ ವೈನ್ ಮಾಡಲು ಹೊರಟರು. 2000ದ ಆಸುಪಾಸಿನಲ್ಲಿ ಆಂಡ್ರೆಯಾ ಫ್ರಾಂಕೆಟ್ಟಿ, ಮಾರ್ಕ್ ದೆ ಗ್ರಾತ್ಸಿಯಾ, ಬೆಲ್ಜಿಯಂನ ಫ್ರಾಂಕ್ ಕಾರ್ನೆಲಿಸೆನ್ ಇಲ್ಲಿ ವೈನ್ ಮಾಡಲು ಹೊರಗಿನಿಂದ ಬಂದರು. ಇವರ ಬಾಟಲಿಗಳಿಗೆ ಒಳ್ಳೆ ಬೆಲೆ ಸಿಕ್ಕಿದ್ದರಿಂದ ಹಾಳುಬಿದ್ದ ಗೋಡೆಗಳು ಮತ್ತೆ ಎದ್ದವು. ಅದಕ್ಕೇ ಈ ವೈನ್ ದುಬಾರಿ ಎಂದು ಬೇಸರಿಸಲು ನನಗೆ ಮನಸ್ಸು ಬರುವುದಿಲ್ಲ.

[ದೃಶ್ಯ: ಬಾಟಲಿಯ ಲೇಬಲ್ ಹತ್ತಿರದಿಂದ]

ಕೊಳ್ಳುವಾಗ ಲೇಬಲ್ ಓದಿ. ಎಟ್ನಾ ರೊಸ್ಸೊ ಎಂಬುದರ ಜೊತೆ ಗ್ವಾರ್ದಿಯೋಲಾ, ರಂಪಾಂತೆ ಅಂಥ ಹೆಸರು ಇರಬಹುದು. ಅದು ದ್ರಾಕ್ಷಿ ಬೆಳೆದ ಕಾಂತ್ರಾದಾ, ಅಂದರೆ ಆ ನಿರ್ದಿಷ್ಟ ಜಾಗ. ಅಧಿಕೃತ ಪಟ್ಟಿಯಲ್ಲಿ ಇಂಥವು 130ಕ್ಕೂ ಹೆಚ್ಚಿವೆ. ಒಂದೊಂದರ ಲಾವಾ ಒಂದೊಂದು ಕಾಲದ್ದು, ಹಾಗಾಗಿ ಮಣ್ಣೂ ಬೇರೆ.

ಬಡಿಸುವಾಗ 16 ಡಿಗ್ರಿ ಹತ್ತಿರ ಇರಲಿ. ನಮ್ಮ ಮನೆಗಳಲ್ಲಿ ಸುಮ್ನೆ ಕಪಾಟಿನಿಂದ ತೆಗೆದು ಸುರಿದರೆ ಬೆಚ್ಚಗಿರುತ್ತದೆ, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಕತಾನಿಯಾದವರ ಮೆಚ್ಚಿನ ಅಡುಗೆ ಪಾಸ್ತಾ ಅಲ್ಲಾ ನೋರ್ಮಾದಲ್ಲಿ ಕರಿದ ಬದನೆಕಾಯಿ, ಟೊಮೆಟೊ ಇರುತ್ತವೆ. ಅದರ ಜೊತೆ ಇದು ಚೆನ್ನಾಗಿ ಹೊಂದುತ್ತದೆ. ನಮ್ಮ ಬದನೆಕಾಯಿ ಎಣ್ಣೆಗಾಯಿಗೂ ಸರಿ, ಆದರೆ ಮೆಣಸಿನಪುಡಿ ಕಡಿಮೆ ಹಾಕಿ. ಖಾರ ಹೆಚ್ಚಾದರೆ ಒಗರು ಬಾಯಿಗೆ ಇನ್ನೂ ಒರಟಾಗಿ ತಾಗುತ್ತದೆ.