ಬೀಜದಿಂದ ಹೂವಿನವರೆಗೆ: ಕಲ್ಲುಗಿಡಗಳ ಪರವಾಗಿ

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ.

ಎಲೆ, ಕಾಂಡಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಅಪರೂಪದ ಸಕ್ಯುಲೆಂಟ್ ಗಿಡವನ್ನು ತನ್ನದಾಗಿಸಿಕೊಳ್ಳಲು ಬೀಜ ಬಿತ್ತುವುದೇ ಸರಿಯಾದ ದಾರಿ ಎಂಬುದು ನನ್ನ ದೃಢವಾದ ನಂಬಿಕೆ. ನೀವೆಲ್ಲ ಗಿಡ ಬೆಳೆಸುವುದರಲ್ಲಿ ಪಳಗಿದವರಾದ್ದರಿಂದ ಬಿಸಿಲು, ನೀರು, ಕುಂಡಗಳ ಮೊದಲ ಪಾಠಗಳನ್ನು ಇಲ್ಲಿ ಹೇಳುವುದಿಲ್ಲ.

1811ರಲ್ಲಿ ದಕ್ಷಿಣ ಆಫ್ರಿಕಾದ ಒಣನೆಲದಲ್ಲಿ ಸಂಚರಿಸುತ್ತಿದ್ದ ನಿಸರ್ಗತಜ್ಞ ವಿಲಿಯಂ ಬರ್ಚೆಲ್, ವಿಚಿತ್ರ ಆಕಾರದ ಕಲ್ಲೊಂದು ಕಂಡಿತೆಂದು ಬಗ್ಗಿ ಎತ್ತಿಕೊಂಡರು. ಕೈಗೆ ಬಂದದ್ದು ಜೀವಂತ ಗಿಡ. ನಾವು ಇಂದು ಲಿಥಾಪ್ಸ್ ಎಂದು ಕರೆಯುವ, 1922ರಲ್ಲಿ ಸಸ್ಯಶಾಸ್ತ್ರಜ್ಞ ಎನ್. ಇ. ಬ್ರೌನ್ ಹೆಸರಿಟ್ಟ ಕುಲಕ್ಕೆ ಸೇರಿದ ಗಿಡವದು. ಈ ಪ್ರಸಂಗವನ್ನು ನಾನು ಎಷ್ಟು ಸಲ ಹೇಳಿದರೂ ತೃಪ್ತಿಯಾಗುವುದಿಲ್ಲ, ಏಕೆಂದರೆ ಆ ಗಿಡದ ಬದುಕಿನ ಉಪಾಯವೆಲ್ಲ ಅದರಲ್ಲಿದೆ. ಮುಳ್ಳಿಲ್ಲದ ಆ ಗಿಡ ಸುತ್ತಲಿನ ಕಲ್ಲುಗಳ ಬಣ್ಣವನ್ನೇ ತೊಟ್ಟು, ಮೇಯುವ ಪ್ರಾಣಿಗಳ ಕಣ್ಣು ತಪ್ಪಿಸಿ ಬಾಳುತ್ತದೆ. ಆದರೆ ಜಾಗ ತಿಳಿದುಕೊಂಡು ಗುದ್ದಲಿ ಹಿಡಿದು ಬರುವ ಮನುಷ್ಯನೆದುರು ಆ ಉಪಾಯ ನಡೆಯುವುದಿಲ್ಲ.

ಯುಫೋರ್ಬಿಯಾ ಒಬೆಸಾವನ್ನು ನೋಡಿ. 1903ರಲ್ಲಿ ವಿಜ್ಞಾನಕ್ಕೆ ಪರಿಚಯವಾದ, ದಕ್ಷಿಣ ಆಫ್ರಿಕಾದ ಕರೂ ಎಂಬ ಒಣಪ್ರದೇಶದ ಸಣ್ಣದೊಂದು ಭಾಗದಲ್ಲಷ್ಟೇ ಬೆಳೆಯುವ ಈ ಗುಂಡುಗಿಡವನ್ನು ಸಂಗ್ರಾಹಕರು ಕಿತ್ತು ಕಿತ್ತು ಅಳಿವಿನಂಚಿಗೆ ತಂದರು. ಇಂದು ಅದು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಹಾಗಿದ್ದರೂ ನರ್ಸರಿಗಳಲ್ಲಿ ಅದಕ್ಕೆ ಕೊರತೆಯಿಲ್ಲ, ಕಾರಣ ಬೀಜ. ಗಂಡು ಹೆಣ್ಣು ಗಿಡಗಳು ಬೇರೆ ಬೇರೆಯಾದ್ದರಿಂದ ಎರಡನ್ನೂ ಇಟ್ಟುಕೊಳ್ಳಬೇಕು; ಕಾಯಿ ಬಲಿತಾಗ ಸಿಡಿದು ಬೀಜವನ್ನು ದೂರಕ್ಕೆ ಎಸೆಯುವುದರಿಂದ ಅದರ ಮೇಲೆ ತೆಳುಬಟ್ಟೆ ಮುಚ್ಚಬೇಕು. ಬೇಕಾಗಿರುವುದು ಇಷ್ಟು ಜಾಗರೂಕತೆ ಮಾತ್ರ.

ಲಿಥಾಪ್ಸ್‌ನ ಬೀಜಕೋಶ ಇದಕ್ಕೆ ತದ್ವಿರುದ್ಧ. ಒಣಗಿರುವಾಗ ಬಿಗಿಯಾಗಿ ಮುಚ್ಚಿಕೊಂಡಿದ್ದು, ನೆನೆದಾಗ ಮಾತ್ರ ತೆರೆದು, ಮಳೆಹನಿಗಳ ಹೊಡೆತಕ್ಕೆ ಬೀಜವನ್ನು ಚೆಲ್ಲುತ್ತದೆ. ಆ ಬೀಜ ಅತಿ ಸೂಕ್ಷ್ಮವಾದ್ದರಿಂದ ಹೂಳದೆ, ನೀರು ಬಸಿದುಹೋಗುವ ಒರಟು ಮರಳಿನ ಮಿಶ್ರಣದ ಮೇಲೆಯೇ ಉದುರಿಸಿ, ತೇವ ಆರದಂತೆ ಮುಚ್ಚಿಟ್ಟರೆ, 20ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಮೊಳೆಯುತ್ತದೆ. ಮುಚ್ಚಳವನ್ನು ಒಮ್ಮೆಲೇ ತೆಗೆದರೆ ಸಸಿ ಒಣಗುತ್ತದೆ, ತೆಗೆಯದೇ ಬಿಟ್ಟರೆ ಶಿಲೀಂಧ್ರ ತಗಲಿ ಕೊಳೆಯುತ್ತದೆ. ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಗಾಳಿ ಆಡಿಸಬೇಕು. ಮುಂದೆ ಬೆಳೆದ ಗಿಡದಲ್ಲಿ ಹೊಸ ಎಲೆಜೋಡಿ ಹಳೆಯದರ ನೀರನ್ನೇ ಹೀರಿ ಬೆಳೆಯುತ್ತಿರುವಾಗ ನಾವು ನೀರು ಹಾಕುವಂತಿಲ್ಲ. ಈ ಹಂತದಲ್ಲಿ ಕೈಕಟ್ಟಿ ಕೂರುವುದೇ ಆರೈಕೆ, ಅತ್ಯಂತ ಕಷ್ಟದ ಆರೈಕೆಯೂ ಹೌದು.

ಸಾಮಾನ್ಯವಾಗಿ ಮೂರರಿಂದ ಐದು ವರ್ಷಗಳಲ್ಲಿ ಎಲೆಗಳ ಸೀಳಿನಿಂದ ಹಳದಿ ಅಥವಾ ಬಿಳಿಯ ಹೂ ಹೊರಬರುತ್ತದೆ. ಒಂದೇ ಗಿಡದ ಪರಾಗದಿಂದ ಅದು ಬೀಜ ಕಟ್ಟುವುದಿಲ್ಲ. ಜೊತೆಗೆ ಅದೇ ಜಾತಿಯ ಇನ್ನೊಂದು ಗಿಡ ಅದೇ ಹೊತ್ತಿಗೆ ಅರಳಿರಬೇಕು. ಆದ್ದರಿಂದ ಒಂದೇ ಸಸಿ ಉಳಿಸಿಕೊಂಡವರಿಗಿಂತ ಒಂದು ಕುಂಡದ ತುಂಬ ಸಸಿ ಬೆಳೆಸಿದವರೇ ಮುಂದಿನ ಪೀಳಿಗೆಯನ್ನು ಕಾಣುತ್ತಾರೆ.

ಸಮಯ ಮೀರುತ್ತಿದೆ ಎಂಬ ಸೂಚನೆ ಬಂದಿದೆ. ಹೂವಿಗೆ ಇನ್ನೂ ದೀರ್ಘಕಾಲ ಕಾಯಿಸುವ ಏರಿಯೋಕಾರ್ಪಸ್ ಎಂಬ ಕಳ್ಳಿಯ ಬಗ್ಗೆ, ಕಸಿಯ ಬಗ್ಗೆ ಪ್ರಶ್ನೆಗಳ ವೇಳೆಯಲ್ಲಿ ಮಾತಾಡೋಣ. ಒಂದನ್ನು ಮಾತ್ರ ಈಗಲೇ ಹೇಳಿಬಿಡುತ್ತೇನೆ. ಲಿಥಾಪ್ಸ್ ತಜ್ಞ ಡೆಸ್ಮಂಡ್ ಕೋಲ್ ಅವರು ಲಿಥಾಪ್ಸ್ ಬೆಳೆಯುವ ತಾಣಗಳಿಗೆ ಸಂಖ್ಯೆಗಳನ್ನು ಕೊಟ್ಟಿದ್ದಾರೆ. ಬೀಜದ ಪೊಟ್ಟಣದ ಮೇಲೆ ಆ ಸಂಖ್ಯೆ ಇದ್ದರೆ ಅದನ್ನು ಕುಂಡದ ಚೀಟಿಗೂ ಬರೆದಿಡಿ. ಚೀಟಿ ಕಳೆದುಹೋದ ಗಿಡ ಎಷ್ಟು ಚೆನ್ನಾಗಿ ಹೂ ಬಿಟ್ಟರೂ, ಅದರ ಬೀಜ ಯಾವ ತಾಣದ ಸಂತತಿ ಎಂದು ಮತ್ತೊಬ್ಬರಿಗೆ ಖಚಿತವಾಗಿ ಹೇಳಿ ಕೊಡಲು ನಿಮಗೆ ಸಾಧ್ಯವಾಗುವುದಿಲ್ಲ.